ಕಲ್ಲಾನೆ ‘ವಲಸೆ’ ಹೋಯಿತೇ, ‘ಎತ್ತಂಗಡಿ’ ಆಯಿತೇ?

ಬಲ್ಲವರು ಸ್ವಲ್ಪ ನೆರವಾಗಿ. ಮುಂಬಯಿಯ ಕೆಲವು ಕನ್ನಡಿಗರನ್ನು ಬೈಕುಳಾದ ರಾಣಿಬಾಗ್ ಉದ್ಯಾನಕ್ಕೆ ಕರೆದೊಯ್ಯುವುದಿದೆ. ಅಲ್ಲಿನ ಬಯಲು ಶಿಲ್ಪಗಳ ಮೇಲೆ ಕನ್ನಡದಲ್ಲಿ ಒಂದು ಪುಟ ಬರೆಯುತ್ತಿದ್ದೇನೆ. ಅಲ್ಲಿನ ಕಲ್ಲಾನೆ ತನ್ನ ಜಾಗ ಬಿಟ್ಟು ಬಂದದ್ದಕ್ಕೆ ಯಾವ ಪದ ಹಾಕುವುದು ಅಂತ ತಿಳಿಯದೆ ಮೊದಲ ಸಾಲೇ ಮುಂದೆ ಹೋಗುತ್ತಿಲ್ಲ.

ರಾಣಿಬಾಗಿನ ಭಾವು ದಾಜಿ ಲಾಡ್ ಮ್ಯೂಸಿಯಂ ಹೊರಗೆ ನಿಂತಿರುವ ಕಲ್ಲಾನೆ ಘಾರಾಪುರಿ ದ್ವೀಪದ್ದು. ಅದನ್ನು ನೋಡಿಯೇ ಪೋರ್ಚುಗೀಸರು ಆ ದ್ವೀಪವನ್ನು ಎಲಿಫೆಂಟಾ ಅಂತ ಕರೆದರು. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಹೋಗಿ, ಎತ್ತುವಾಗ ಬಿದ್ದು ಒಡೆಯಿತು. ಚೂರುಗಳು ಇಲ್ಲಿಗೆ ಬಂದವು. 1914ರಲ್ಲಿ ಮತ್ತೆ ಜೋಡಿಸಿದರು. ಆನೆ ಇಲ್ಲಿ, ಹೆಸರು ಅಲ್ಲಿ!

ದಕ್ಷಿಣ ಮುಂಬಯಿಯ ಕಾಲಾ ಘೋಡಾದ್ದೂ, ಅಂದರೆ ಕಪ್ಪು ಕುದುರೆಯದ್ದೂ, ಹೆಚ್ಚುಕಮ್ಮಿ ಇದೇ ಕಥೆ. ಬಾಗ್ದಾದಿನಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ಬೆಳೆದ ವ್ಯಾಪಾರಿ ಆಲ್ಬರ್ಟ್ ಸಸೂನ್ ಕೊಡಿಸಿದ ಪ್ರತಿಮೆ ಅದು. 1879ರಲ್ಲಿ ನಿಂತಿತು. ಕುದುರೆ ಮೇಲಿದ್ದವನು ಮುಂದೆ ಏಳನೇ ಎಡ್ವರ್ಡ್ ದೊರೆಯಾದ ರಾಜಕುಮಾರ. 1965ರಲ್ಲಿ ಅದನ್ನು ತೆಗೆದರು. ಈಗ ಅದೂ ರಾಣಿಬಾಗಿನಲ್ಲೇ ಇದೆ. ಕುದುರೆ ಹೋದರೂ ಜನ ಆ ಜಾಗವನ್ನು ಕಾಲಾ ಘೋಡಾ ಅನ್ನುವುದು ಬಿಡಲಿಲ್ಲ. 2017ರಲ್ಲಿ ಅಲ್ಲಿ ಹೊಸ ಕುದುರೆ ಬಂತು, ಸವಾರನಿಲ್ಲದೆ.

ಈಗ ಪದಕ್ಕೆ ಬರುತ್ತೇನೆ. ‘ವಲಸೆ’ ಅಂದರೆ ತಾನಾಗಿ ಹೊರಟಂತೆ. ಹಕ್ಕಿಗೂ ಸರಿ, ಹೋಟೆಲ್ ಕೆಲಸಕ್ಕೆ ಬಂದ ಉಡುಪಿ ಹುಡುಗನಿಗೂ ಸರಿ. ‘ಗುಳೆ’ಯಲ್ಲಿ ಹಸಿವಿದೆ. ಮಳೆ ಕೈಕೊಟ್ಟಾಗ ರಾಯಚೂರು, ಯಾದಗಿರಿ ಕಡೆಯವರು ಗಂಟುಮೂಟೆ ಕಟ್ಟುವುದು ಅದು. ಕಲ್ಲಿಗೆಲ್ಲಿ ಹಸಿವು? ‘ಸ್ಥಳಾಂತರ’ ಸುತ್ತೋಲೆಯ ಭಾಷೆ, ಬೇಡ. ‘ಎತ್ತಂಗಡಿ’ ನನಗೆ ಹಿಡಿಸಿದೆ, ಬೇರೆಯವರ ಕೈವಾಡ ಅದರಲ್ಲೇ ಇದೆ. ಆದರೆ ಓದುವವರಿಗೆ ವರ್ಗವಾದ ತಹಶೀಲ್ದಾರ್ ಸಾಹೇಬರು ನೆನಪಾಗಿ ನಗು ಬಂದರೆ?

ಇನ್ನೊಂದು ತೊಡಕು ‘ಊರು’. ಇಲ್ಲೇ ಹುಟ್ಟಿದ ನಮ್ಮವರೂ ಮೇ ತಿಂಗಳು ಬಂದರೆ ‘ಊರಿಗೆ ಹೋಗ್ತೇವೆ’ ಅಂತಾರೆ ಅಲ್ವಾ? ಊರು ಅಂದರೆ ಕಾರ್ಕಳ, ಕುಂದಾಪುರ. ಡೊಂಬಿವಲಿ ಅಲ್ಲವೇ ಅಲ್ಲ, ಅಲ್ಲಿ ಸ್ವಂತ ಫ್ಲ್ಯಾಟ್ ಇದ್ದರೂ. ಈ ಲೆಕ್ಕದಲ್ಲಿ ಆನೆಯ ಊರು ಘಾರಾಪುರಿ. ಹಾಗಾದರೆ ನೂರು ವರ್ಷದಿಂದ ನಿಂತಿರುವ ಬೈಕುಳಾ ಅದಕ್ಕೇನಾಗಬೇಕು? ‘ನೆಲೆ’ ಅಂದರೆ ಸಾಕೇ? ‘ಠಿಕಾಣಿ’ ಅಂದರೆ ಸುಮ್ನೆ ಬಂದು ಕೂತಂತಾಗುತ್ತದೆ.

ನಿಮ್ಮ ಕಡೆ ಹೊಲದಲ್ಲಿದ್ದ ವೀರಗಲ್ಲನ್ನು ಕಿತ್ತು ತಂದು ಗುಡಿ ಮುಂದೆ ನಿಲ್ಲಿಸಿದ್ದರೆ ಅದಕ್ಕೆ ಏನಂತಾರೆ? ಹಿರಿಯರ ಬಾಯಲ್ಲಿ ಕೇಳಿದ ಮಾತಿದ್ದರೆ, ಯಾವ ತಾಲೂಕಿನದು ಅನ್ನುವುದನ್ನೂ ಸೇರಿಸಿ ಬರೆಯಿರಿ.