ಬೇಸಿಗೆಯಲ್ಲಿ ಕೆರೆ ಮತ್ತು ವರದಾ ಮಡುವಿನಲ್ಲಿ ಗಾಳ: ನೀರು ಎಷ್ಟು ಕಾದರೆ ನಿಲ್ಲಿಸಬೇಕು?

ಪ್ರಶ್ನೆ: ಹಾನಗಲ್ಲಿನ ಹವ್ಯಾಸಿ

ಎಲ್ಲ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ಹಾನಗಲ್ ತಾಲ್ಲೂಕಿನಲ್ಲಿ ನಾವು ಕೆಲವರು ಸೇರಿ ಗಾಳದ ಹವ್ಯಾಸಕ್ಕೆಂದು ಒಂದು ಸಣ್ಣ ಬಳಗ ಮಾಡಿಕೊಂಡಿದ್ದೇವೆ. ಎರಡು ಕೆರೆಗಳ ಮೀನು ಗುತ್ತಿಗೆ ಹಿಡಿದಿರುವ ಸಹಕಾರ ಸಂಘದವರು ರವಿವಾರಗಳಂದು ಗಾಳ ಹಾಕಲು ನಮಗೆ ಒಪ್ಪಿಗೆ ಕೊಟ್ಟಿದ್ದು, ಅದಕ್ಕಾಗಿ ನಾವು ವರ್ಷಕ್ಕೊಮ್ಮೆ ಹಣ ಕಟ್ಟುತ್ತೇವೆ. ಇವಲ್ಲದೆ ವರದಾ ನದಿಯ ಒಂದು ಮಡುವಿನ ದಂಡೆಯಲ್ಲೂ ಕೂರುತ್ತೇವೆ. ಕೆರೆಗಳಲ್ಲಿ ಒಂದು ಆಳವಾದದ್ದು. ಏರಿಯ ಬಳಿ ಈಗಲೂ ಎರಡಾಳು ನೀರಿದೆ. ಇನ್ನೊಂದು ಅಗಲವಾಗಿ ಹರಡಿಕೊಂಡ ಕೆರೆ, ಎಲ್ಲಿ ಇಳಿದರೂ ನೀರು ಸೊಂಟ ಮುಟ್ಟುವುದಿಲ್ಲ, ಯುಗಾದಿ ಕಳೆದ ಮೇಲಂತೂ ಅದರ ಬಣ್ಣ ಕಡುಹಸಿರಾಗಿದೆ. ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆ ಎರಡರಲ್ಲೂ ಇವೆ. ಹಸಿರು ಕೆರೆಯಲ್ಲಿ ಜಿಲೇಬಿ ಮೀನೂ ಕೊರವವೂ ಹೆಚ್ಚು.

ಇಂಗ್ಲೆಂಡಿನಲ್ಲಿರುವ ನಮ್ಮ ಸಂಬಂಧಿಕರೊಬ್ಬರು ಅಲ್ಲಿಯ ಒಂದು ಗಾಳದ ಕ್ಲಬ್ಬಿನ ಸದಸ್ಯರು. ಆ ಕ್ಲಬ್ಬಿನ ಸುಪರ್ದಿಯಲ್ಲಿಯೂ ನಮ್ಮಂತೆಯೇ ಕೆರೆಗಳು ಮತ್ತು ನದಿಯ ಒಂದು ಭಾಗ ಇವೆ. ಅಲ್ಲಿ ಹಿಡಿಯುವುದು ಟ್ರೌಟ್ ಮೀನನ್ನು. ಬೇಸಿಗೆ ಬಂತೆಂದರೆ ಸದಸ್ಯರಿಗೆ ನೀರಿನ ಸ್ಥಿತಿಯ ಸೂಚನೆ ಬರುತ್ತದೆಯಂತೆ: ನೀರು 20 ಡಿಗ್ರಿ ಸೆಲ್ಸಿಯಸ್ ದಾಟಿದರೆ ಗಾಳ ಹಾಕಬೇಡಿ, ಹಾಕುವುದಿದ್ದರೆ ನಸುಕಿನಲ್ಲಿ ಮಾತ್ರ ಹಾಕಿ, ಹಿಡಿದ ಮೀನನ್ನು ನೀರಿನಿಂದ ಎತ್ತಬೇಡಿ ಎಂದು. ಇದನ್ನು ಓದಿ ನಮ್ಮ ಬಳಗದಲ್ಲಿ ಎರಡು ಪಕ್ಷಗಳಾಗಿವೆ. ಇಂಥದೇ ನಿಯಮ ನಮಗೂ ಬೇಕೆಂಬುದು ಒಂದು ಪಕ್ಷ; ನಮ್ಮ ಕೆರೆಗಳ ನೀರು ಮಾಗಿಯಲ್ಲೇ 20 ಡಿಗ್ರಿ ದಾಟಿರುವಾಗ ಈ ಲೆಕ್ಕಕ್ಕೆ ಅರ್ಥವಿಲ್ಲ ಎಂಬುದು ಇನ್ನೊಂದು.

ಹೋದ ರವಿವಾರ ಹಸಿರು ಕೆರೆಯಲ್ಲಿ ಸೂರ್ಯ ಹುಟ್ಟುವ ಮೊದಲೇ ಹಿಡಿದು ಬಿಟ್ಟ ಒಂದು ಕಾಟ್ಲಾ, ಸ್ವಲ್ಪ ದೂರ ಈಜಿ ಹೋಗಿ ಆಮೇಲೆ ಹೊಟ್ಟೆ ಮೇಲಾಗಿ ತೇಲಿತು. ತಂಪು ಹೊತ್ತಿನಲ್ಲಿ, ಕೈ ಒದ್ದೆ ಮಾಡಿಕೊಂಡು, ಬೇಗ ಬಿಟ್ಟ ಮೀನು ಹೀಗೇಕಾಯಿತು? ನಮ್ಮ ಮೀನುಗಳಿಗೆ ಎಷ್ಟು ಡಿಗ್ರಿಯನ್ನು ಮಿತಿ ಎಂದು ಇಟ್ಟುಕೊಳ್ಳಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಸಾಧನಕೇರಿ ದಂಡೆ, ಧಾರವಾಡ

ಮಾನ್ಯರೆ, ನಿಮ್ಮ ಪ್ರಶ್ನೆಯ ಕೊನೆಯ ಭಾಗದಲ್ಲಿಯೇ ಉತ್ತರವಿದೆ. ಆ ಕಾಟ್ಲಾ ಸತ್ತದ್ದು ಬಿಸಿಲಿಗಲ್ಲ. ನೀವು ಆರಿಸಿಕೊಂಡ ನಸುಕಿನ ಹೊತ್ತಿಗೆ. ನಾನು ಪ್ರಾಣಿಶಾಸ್ತ್ರ ಕಲಿಸುವವನಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನೀರು ಕಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಿಮೆಯಾಗುತ್ತದೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ, 20 ಡಿಗ್ರಿಯಲ್ಲಿ ಅದು ಸುಮಾರು 9ಕ್ಕೂ 30 ಡಿಗ್ರಿಯಲ್ಲಿ ಸುಮಾರು 7.5ಕ್ಕೂ ಇಳಿಯುತ್ತದೆ. ಅದೇ ವೇಳೆಗೆ ಮೀನಿನ ಮೈಯೂ ಬಿಸಿಯಾಗಿ ಅದಕ್ಕೆ ಬೇಕಾದ ಆಮ್ಲಜನಕ ಹೆಚ್ಚುತ್ತದೆ. ಟ್ರೌಟ್ ತಂಪು ನೀರಿನ ಮೀನು; 20 ಡಿಗ್ರಿ ದಾಟಿದರೆ ಅದು ಬಳಲುತ್ತದೆ, 25ರ ಆಸುಪಾಸಿನಲ್ಲಿ ಅದರ ಜೀವಕ್ಕೇ ಅಪಾಯ. ಆದ್ದರಿಂದಲೇ ನಮ್ಮ ದಕ್ಷಿಣದಲ್ಲಿ ಅದು ನೆಲೆಯೂರಿದ್ದು ನೀಲಗಿರಿ ಮತ್ತು ಮುನ್ನಾರಿನಂಥ ಎತ್ತರದ ತೊರೆಗಳಲ್ಲಿ ಮಾತ್ರ, ಅದೂ ಬ್ರಿಟಿಷರ ಕಾಲದಲ್ಲಿ ಹೊರಗಿನಿಂದ ತಂದು ಬಿಟ್ಟದ್ದು. ಗೆಂಡೆ ಜಾತಿಯ ನಮ್ಮ ಮೀನುಗಳಿಗೆ 25ರಿಂದ 30 ಡಿಗ್ರಿ ಎಂದರೆ ಹಿತವಾದ ನೀರು. ಮೇವು ಚೆನ್ನಾಗಿ ತಿನ್ನುವುದೇ ಆಗ. ಆದುದರಿಂದ ಇಂಗ್ಲೆಂಡಿನ ಸಂಖ್ಯೆಯನ್ನು ತಂದು ವರದಾ ದಂಡೆಯಲ್ಲಿ ನೆಡುವುದರಿಂದ ಪ್ರಯೋಜನವಿಲ್ಲ.

ಆದರೆ ಆ ನಿಯಮದ ಹಿಂದಿನ ಕಾರಣ ಇಲ್ಲಿಯೂ ನಿಜ. ಅದು ಕೆಲಸ ಮಾಡುವ ಹೊತ್ತು ಮಾತ್ರ ಬೇರೆ. ನಿಮ್ಮ ಹಸಿರು ಕೆರೆಯ ಬಣ್ಣ ಬಂದಿರುವುದು ಬರಿಗಣ್ಣಿಗೆ ಕಾಣದ ಪಾಚಿಯಿಂದ. ಹಗಲಲ್ಲಿ ಈ ಪಾಚಿ ಬಿಸಿಲು ಹೀರಿ ಆಮ್ಲಜನಕ ಬಿಡುತ್ತದೆ. ಮಧ್ಯಾಹ್ನ ಮೂರು ನಾಲ್ಕು ಗಂಟೆಯ ಹೊತ್ತಿಗೆ ನೀರಿನಲ್ಲಿ ಅದು ತುಂಬಿ ತುಳುಕುತ್ತಿರುತ್ತದೆ. ಹೊತ್ತು ಮುಳುಗಿದ ಮೇಲೆ ಪಾಚಿಯೂ ಮೀನಿನಂತೆ ಉಸಿರಾಡುವುದೇ ಸರಿ. ಪಾಚಿ, ಮೀನು, ತಳದ ಕೆಸರಿನಲ್ಲಿ ಕೊಳೆಯುತ್ತಿರುವ ಸೊಪ್ಪುಸದೆ, ಎಲ್ಲವೂ ರಾತ್ರಿಯಿಡೀ ಅದೇ ಸಂಗ್ರಹವನ್ನು ಖರ್ಚು ಮಾಡುತ್ತವೆ. ಸೂರ್ಯ ಹುಟ್ಟುವ ಮುಂಚಿನ ಗಳಿಗೆಯಲ್ಲಿ ನೀರು ಅತ್ಯಂತ ತಂಪಾಗಿರುತ್ತದೆ, ಆಮ್ಲಜನಕವೂ ಅತ್ಯಂತ ಕಡಿಮೆಯಾಗಿರುತ್ತದೆ. ಆ ಹೊತ್ತಿನಲ್ಲಿ ಗಾಳಕ್ಕೆ ಸಿಕ್ಕು ಎಳೆದಾಡಿದ ಮೀನಿಗೆ ಮತ್ತೆ ಉಸಿರು ತುಂಬಿಕೊಳ್ಳಲು ನೀರಿನಲ್ಲಿ ಏನೂ ಉಳಿದಿರುವುದಿಲ್ಲ. ತಿಳಿನೀರು ಹರಿಯುವ ಟ್ರೌಟ್ ನದಿಗೆ ನಸುಕು ಒಳ್ಳೆಯ ಹೊತ್ತು. ಹಸಿರು ಕೆರೆಗೆ ಅದಕ್ಕಿಂತ ಕೆಟ್ಟ ಹೊತ್ತು ಮತ್ತೊಂದಿಲ್ಲ.

ಇದನ್ನು ತಿಳಿಯಲು ಮೀನು ಸಾಕುವವರು ಮಾಡುವ ಒಂದು ಸುಲಭ ಪರೀಕ್ಷೆಯಿದೆ. ನೀರಿನಲ್ಲಿ ಮೊಣಕೈ ಮುಳುಗುವವರೆಗೆ ತೋಳನ್ನು ನೇರವಾಗಿ ಇಳಿಸಿ ಅಂಗೈಯನ್ನು ಮೇಲಕ್ಕೆ ಮಡಿಸಿ ನೋಡಿ. ಅಂಗೈ ಮಸುಕಾಗಿಯಾದರೂ ಕಂಡರೆ ಪಾಚಿ ಹದವಾಗಿದೆ ಎಂದರ್ಥ. ಮುಂಗೈ ಅರ್ಧ ಇಳಿಯುವಷ್ಟರಲ್ಲೇ ಅಂಗೈ ಕಾಣದಂತಾದರೆ ಆ ಕೆರೆಯಲ್ಲಿ ಬೆಳಗಿನ ಗಾಳವನ್ನು ಕೈಬಿಡಿ. ಒಂಬತ್ತು ಗಂಟೆಯ ಮೇಲೆ ಅಥವಾ ಬಿಸಿಲು ಇಳಿದ ಸಂಜೆಗೆ ಹೋಗಿ. ಆಮ್ಲಜನಕ ಅಳೆಯುವ ಕಿಟ್ ಸಿಕ್ಕರೆ ಇನ್ನೂ ಒಳ್ಳೆಯದು: ಲೀಟರಿಗೆ 5 ಮಿಲಿಗ್ರಾಂ ಇದ್ದರೆ ನಿಶ್ಚಿಂತೆ, 3ಕ್ಕಿಂತ ಕೆಳಗಿದ್ದರೆ ಗಾಳ ಬಿಚ್ಚಲೇಬೇಡಿ.

ಆಳದ ಕೆರೆಯ ವಿಷಯ ಬೇರೆ. ಮೇಲಿನ ನೀರು ಕಾದು ಹಗುರಾಗಿ ಮೇಲೆಯೇ ನಿಲ್ಲುತ್ತದೆ, ತಳದ ತಂಪು ನೀರಿಗೆ ಗಾಳಿ ತಾಗುವುದೇ ಇಲ್ಲ. ಬಿಸಿಲಿಗೆ ಮೀನು ತಳಕ್ಕೆ ಇಳಿದಿರುತ್ತದೆಂದು ಸೀಸದ ಗುಂಡು ಕಟ್ಟಿ ಆಳಕ್ಕೆ ಬಿಡುವವರು ದಿನವಿಡೀ ಬೆಂಡು ನೋಡುತ್ತ ಕೂರಬೇಕಾಗುವುದು ಇದರಿಂದಲೇ. ತಳದಲ್ಲಿ ಮೇಯುವ ಮೃಗಾಲ್ ಮತ್ತು ಗೆಂಡೆ ಕೂಡ ಈ ದಿನಗಳಲ್ಲಿ ನಡುಮಟ್ಟಕ್ಕೆ ಏರಿರುತ್ತವೆ. ಏಪ್ರಿಲ್ ಕೊನೆಯಿಂದ ನಮ್ಮ ಕಡೆ ಪಡುವಣ ಗಾಳಿ ಜೋರಾಗುತ್ತದೆ. ಅಲೆ ಬಂದು ಬಡಿಯುವ ಮೂಡಣ ದಂಡೆಯಲ್ಲಿ ಕೂತು, ಬೆಂಡನ್ನು ನಾಲ್ಕೈದು ಅಡಿಗೆ ಕಟ್ಟಿ ನೋಡಿ.

ಶೇಂಗಾ ಹಿಂಡಿಯ ಬಗ್ಗೆಯೂ ಒಂದು ಮಾತು ಹೇಳಬೇಕು. ಮೀನು ಕೂಡಿಸಲೆಂದು ಹಿಂಡಿಯನ್ನೂ ತೌಡನ್ನೂ ಬುಟ್ಟಿಗಟ್ಟಲೆ ಸುರಿಯುವುದನ್ನು ನಾನು ಅನೇಕ ಕೆರೆಗಳಲ್ಲಿ ನೋಡಿದ್ದೇನೆ. ಬೇಸಿಗೆಯಲ್ಲಿ ಮೀನು ತಿನ್ನದೆ ಬಿಟ್ಟ ಹಿಂಡಿ ಕೊಳೆತು ಇದ್ದ ಆಮ್ಲಜನಕವನ್ನೂ ನುಂಗುತ್ತದೆ. ಹಿಡಿಯಷ್ಟು ಸಾಕು.

ಉತ್ತರ: ಹಮ್ಮಿಗಿ ಹಿನ್ನೀರು, ಮುಂಡರಗಿ

ಧಾರವಾಡದ ಸರ್ ಕೆರೆಯ ವಿಷಯವನ್ನು ತಿಳಿಯಾಗಿ ಹೇಳಿದ್ದಾರೆ. ನಾನು ಹೊಳೆಯ ಬಗ್ಗೆ ಮಾತ್ರ ಬರೆಯುತ್ತೇನೆ, ಏಕೆಂದರೆ ತುಂಗಭದ್ರೆಯ ದಂಡೆಯಲ್ಲಿಯೇ ನಮ್ಮ ಹೊಲವಿದೆ.

ಬೇಸಿಗೆಯ ವರದಾ ಹರಿಯುವ ನದಿಯಲ್ಲ, ಮಡುಗಳ ಸಾಲು. ಇಕ್ಕೇರಿಯ ಬಳಿಯ ವರದಾಮೂಲದಲ್ಲಿ ಹುಟ್ಟಿ ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ಈ ನದಿ ಮಳೆ ನಿಂತ ಮೇಲೆ ಬೇಗ ಸೊರಗುತ್ತದೆ. ಹರಿವು ಕಡಿದ ಮಡುವನ್ನು ನೀವು ಸಣ್ಣ ಕೆರೆಯೆಂದೇ ಎಣಿಸಬೇಕು. ನದಿಯ ಆ ಭಾಗದ ಮೀನೆಲ್ಲ ಅದೊಂದೇ ಗುಂಡಿಯಲ್ಲಿ ಸೇರಿರುವುದರಿಂದ ಗಾಳಕ್ಕೆ ಬೇಗ ಸಿಗುತ್ತವೆ. ಅದನ್ನು ನಮ್ಮ ಕೈಚಳಕ ಎಂದುಕೊಳ್ಳುವವರೇ ಹೆಚ್ಚು. ಮಳೆಗಾಲದ ನೆರೆಗೆ ಮೊಟ್ಟೆ ಇಟ್ಟು ಇಡೀ ಹೊಳೆಯನ್ನು ತುಂಬಬೇಕಾದ ಮೀನುಗಳು ಅವೇ ಆಗಿರುವುದರಿಂದ, ಒಂದು ಕಡೆಯಿಂದಲಾದರೂ ಸಣ್ಣ ತೊರೆ ಹರಿದು ಸೇರುವ ಮಡುವಿನಲ್ಲಿ ಮಾತ್ರ ಗಾಳ ಹಾಕಿ, ಪೂರ್ತಿ ಕಡಿದುಹೋದದ್ದನ್ನು ಮಳೆಯವರೆಗೆ ಬಿಟ್ಟುಬಿಡಿ ಎಂದು ನಾನು ಕೇಳಿಕೊಳ್ಳುತ್ತೇನೆ. ನೀರು ಸೇರುವ ಬಾಯಿಯ ಹತ್ತಿರ ನಸುಕಿನಲ್ಲಿ ಕೂತರೆ ತೊಂದರೆಯಿಲ್ಲ. ಅಲ್ಲಿ ನಿಮ್ಮ ಇಂಗ್ಲೆಂಡಿನ ನಿಯಮ ಸರಿಹೊಂದುತ್ತದೆ.

ತುಂಗಭದ್ರೆಗೆ ಬರುವುದಾದರೆ ಎರಡು ಎಚ್ಚರ ಬೇಕು. ಭದ್ರಾ ಜಲಾಶಯದಿಂದ ಕುಡಿಯುವ ನೀರಿಗೆಂದು ಬೇಸಿಗೆಯಲ್ಲಿ ನದಿಗೆ ನೀರು ಬಿಡುವುದುಂಟು. ನಿನ್ನೆ ಪಂಚೆ ಎತ್ತಿ ದಾಟಿದ ಜಾಗದಲ್ಲಿ ಇಂದು ಬೆಳಿಗ್ಗೆ ಎದೆಮಟ್ಟ ನೀರು ಇರಬಹುದು. ನಡುಗಡ್ಡೆಯ ಮೇಲೆ ಕೂರುವವರು ಸುದ್ದಿ ತಿಳಿದುಕೊಂಡೇ ಹೋಗಬೇಕು. ಎರಡನೆಯದು ಮರಳು ತೆಗೆದ ಗುಂಡಿಗಳು. ಮೇಲಿನಿಂದ ನೋಡಿದರೆ ಮೊಣಕಾಲುದ್ದ ನೀರು ಎನಿಸುವ ಕಡೆಯೇ ಒಮ್ಮೆಲೇ ಆಳವಿರುತ್ತದೆ, ಅಂಚಿನ ಮರಳೂ ಕುಸಿಯುತ್ತದೆ. ಸಿಕ್ಕಿಕೊಂಡ ಗಾಳ ಬಿಡಿಸಲೆಂದು ನೀರಿಗೆ ಇಳಿಯಬೇಡಿ, ದಾರ ಕತ್ತರಿಸಿಬಿಡಿ.

ಮಡುಗಳು ಕುಗ್ಗಿದ ಈ ದಿನಗಳಲ್ಲಿಯೇ ಸಿಡಿಮದ್ದು ಹಾಕಿ, ವಿಷ ಬೆರೆಸಿ ಮೀನು ಬಾಚುವವರೂ ಬರುತ್ತಾರೆ. 1897ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಇದು ಅಪರಾಧವೇ. ದಂಡೆಯಲ್ಲಿ ಕೂರುವ ಹವ್ಯಾಸಿಗಳು ಕಂಡಕೂಡಲೇ ಪೊಲೀಸರಿಗೂ ಮೀನುಗಾರಿಕೆ ಇಲಾಖೆಗೂ ತಿಳಿಸಿದರೆ, ಡಿಗ್ರಿ ಎಣಿಸುವುದಕ್ಕಿಂತ ದೊಡ್ಡ ಉಪಕಾರ.

ಉತ್ತರ: ಸಂಘದ ಸದಸ್ಯ, ಹಾವೇರಿ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಗುತ್ತಿಗೆದಾರರ ಕಡೆಯಿಂದ ಒಂದು ವಿಷಯ ಹೇಳಬೇಕಾಗಿದೆ. ನಮ್ಮ ಸಂಘವೂ ಕೆರೆ ಹಿಡಿದಿದೆ.

ಹಿಡಿದ ಮೀನನ್ನು ಬಿಡುವುದೇ ಪುಣ್ಯ ಎಂಬ ಭಾವನೆ ಹವ್ಯಾಸಿಗಳಲ್ಲಿ ಇತ್ತೀಚೆಗೆ ಹೆಚ್ಚುತ್ತಿದೆ. ಕಾಟ್ಲಾ, ರೋಹು, ಮೃಗಾಲ್ ಮೀನುಗಳು ಕೆರೆಯ ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಅವುಗಳಿಗೆ ಹರಿಯುವ ಹೊಸ ನೀರು ಬೇಕು. 1957ರಲ್ಲಿ ಹೀರಾಲಾಲ್ ಚೌಧುರಿಯವರು ಚುಚ್ಚುಮದ್ದಿನಿಂದ ಮೊಟ್ಟೆ ಇಡಿಸುವ ವಿಧಾನವನ್ನು ಸಾಧಿಸಿದ ನಂತರವೇ ಕೆರೆಗಳಿಗೆ ಸಾಕಷ್ಟು ಮರಿ ಸಿಗುವಂತಾದದ್ದು. ಮಳೆಗಾಲದಲ್ಲಿ ನಾವು ಹಣ ಕೊಟ್ಟು ಮರಿ ತಂದು ಬಿಡುತ್ತೇವೆ, ಬೇಸಿಗೆಯಲ್ಲಿ ನೀರು ಇಳಿದಾಗ ಬಲೆ ಬೀಸಿ ತೆಗೆಯುತ್ತೇವೆ. ನಿಮ್ಮ ಹಸಿರು ಕೆರೆ ಮೇ ತಿಂಗಳಲ್ಲಿ ಬತ್ತುವಂಥದಾದರೆ, ನೀವು ಬಿಟ್ಟ ಮೀನು ಹೇಗಿದ್ದರೂ ಬಲೆಗೇ ಹೋಗುತ್ತದೆ. ಅರೆಜೀವ ಮಾಡಿ ಬಿಟ್ಟು, ಅದು ಸತ್ತು ತೇಲಿ ಕೊಳೆಯುವುದಕ್ಕಿಂತ, ತೂಕದ ಹಣ ಸಂಘಕ್ಕೆ ಕೊಟ್ಟು ಮನೆಗೆ ಒಯ್ಯುವುದೇ ಎಲ್ಲರಿಗೂ ಒಳಿತು. ಹೊಳೆಯ ಮೀನಿಗೆ ಈ ಮಾತು ಅನ್ವಯಿಸುವುದಿಲ್ಲ, ಅದನ್ನು ಬಿಡಲೇಬೇಕು.

ಕೊರವ ಹಿಡಿಯುವವರಿಗೆ ಬೇಸಿಗೆ ಅಡ್ಡಿಯಲ್ಲ. ಅದು ಮೇಲೆ ಬಂದು ನೇರವಾಗಿ ಗಾಳಿಯನ್ನೇ ನುಂಗಿ ಉಸಿರಾಡುವ ಮೀನಾದ್ದರಿಂದ ನೀರು ಕೆಟ್ಟರೂ ಬದುಕುತ್ತದೆ. ಆದರೆ ಮಳೆ ಬಿದ್ದ ಮೇಲೆ ದಂಡೆಯ ಹುಲ್ಲಿನ ಬಳಿ ಕೆಂಪಗಿನ ಸಣ್ಣ ಮರಿಗಳ ಹಿಂಡು ಒಟ್ಟಾಗಿ ಮೇಲೆದ್ದು ಮುಳುಗುವುದು ಕಂಡರೆ ಅಲ್ಲಿ ಗಾಳ ಎಸೆಯಬೇಡಿ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಗಾಳ ಬಿದ್ದರೆ ಹಸಿವಿಗಲ್ಲ, ಸಿಟ್ಟಿಗೆ ಕಚ್ಚುತ್ತವೆ. ಅವನ್ನು ತೆಗೆದರೆ ಆ ಹಿಂಡನ್ನು ಉಳಿದ ಮೀನುಗಳು ತಿಂದು ಮುಗಿಸುತ್ತವೆ.

ಮರುಪ್ರಶ್ನೆ: ಹಾನಗಲ್ಲಿನ ಹವ್ಯಾಸಿ

ಮೂವರಿಗೂ ಅನಂತ ಧನ್ಯವಾದಗಳು. ಹಸಿರು ಕೆರೆಗೆ ಬೆಳಗಿನ ಗಾಳವನ್ನು ನಿಲ್ಲಿಸಿ, ಸಂಜೆಯ ಹೊತ್ತನ್ನು ಮಾತ್ರ ಇಟ್ಟುಕೊಳ್ಳಲು ಬಳಗದಲ್ಲಿ ಒಪ್ಪಿಕೊಂಡಿದ್ದೇವೆ; ಅಲ್ಲಿ ಹಿಡಿದದ್ದನ್ನು ತೂಗಿ ಹಣ ಕೊಡುವ ಬಗ್ಗೆ ಸಂಘದವರೊಡನೆ ಮಾತನಾಡುತ್ತೇವೆ. ಒಂದು ಸಂದೇಹ ಉಳಿದಿದೆ. ಅಡ್ಡಮಳೆ ಬಿದ್ದ ಮರುದಿನ ನೀರು ತಂಪಾಗುವುದರಿಂದ ಮೀನು ಚುರುಕಾಗುತ್ತದೆ ಎಂದು ನಮ್ಮಲ್ಲಿ ಹಲವರ ನಂಬಿಕೆ. ಅದು ಸರಿಯೇ?

ಉತ್ತರ: ಸಾಧನಕೇರಿ ದಂಡೆ, ಧಾರವಾಡ

ಹದವಾದ ಮಳೆಯಾದರೆ ಸರಿ. ಆದರೆ ಬಿರುಗಾಳಿಯೊಡನೆ ಸುರಿಯುವ ಮೊದಲ ದೊಡ್ಡ ಮಳೆ ಕೆರೆಗೆ ಬಹಳ ಅಪಾಯದ ಹೊತ್ತು. ತಂಪು ಮಳೆನೀರು ಭಾರವಾಗಿ ಕೆಳಗಿಳಿದು, ಗಾಳಿ ಮೇಲಿನ ನೀರನ್ನು ಕಲಕಿ, ತಿಂಗಳುಗಳಿಂದ ಆಮ್ಲಜನಕವಿಲ್ಲದೆ ಕೊಳೆತ ತಳದ ನೀರು ಮೇಲೇಳುತ್ತದೆ. ಅದರೊಡನೆ ಕೊಳೆತ ಮೊಟ್ಟೆಯ ವಾಸನೆಯ ಅನಿಲವೂ ಬರುತ್ತದೆ. ಮೇಲಿಂದ ಮೋಡ ಕವಿದರೆ ಪಾಚಿಗೂ ಬಿಸಿಲು ಸಿಗದೆ ಹಗಲಿನ ಗಳಿಕೆಯೂ ನಿಲ್ಲುತ್ತದೆ. ಮಳೆಯ ಮರುದಿನ ಕೆರೆ ತುಂಬ ಸತ್ತ ಮೀನು ತೇಲಿದರೆ ಯಾರೋ ವಿಷ ಹಾಕಿದರೆಂದು ಊರಲ್ಲಿ ಗಲಾಟೆಯಾಗುವುದುಂಟು. ಹಲವು ಸಲ ಕಾರಣ ಇಷ್ಟೇ ಆಗಿರುತ್ತದೆ.

ಹಾಗಾಗಿ ಮಳೆಯ ಮರುದಿನ ಗಾಳ ಬಿಚ್ಚುವ ಮೊದಲು ದಂಡೆಯಲ್ಲಿ ನಿಂತು ನೋಡಿ. ಮೀನುಗಳು ನೀರಿನ ಮೇಲ್ಮೈಗೆ ಬಾಯಿ ಹಚ್ಚಿ ಗುಟುಕರಿಸುತ್ತಿದ್ದರೆ, ಹಸಿರು ನೀರು ರಾತ್ರೋರಾತ್ರಿ ಕಂದಾಗಿದ್ದರೆ, ವಾಸನೆ ಬರುತ್ತಿದ್ದರೆ, ಆ ವಾರ ಕೆರೆಯನ್ನು ಮುಟ್ಟಬೇಡಿ. ಸಂಘದವರಿಗೆ ಕೂಡಲೇ ಫೋನ್ ಮಾಡಿ, ಪಂಪ್ ಹಚ್ಚಿ ನೀರನ್ನು ಚಿಮ್ಮಿಸಿ ಮತ್ತೆ ಕೆರೆಗೇ ಬೀಳುವಂತೆ ಮಾಡಿದರೆ ಒಂದಷ್ಟು ಮೀನಾದರೂ ಉಳಿಯುತ್ತವೆ. ಇವು ಯಾವುವೂ ಕಾಣದಿದ್ದರೆ, ಹೊಸ ನೀರು ಹಳ್ಳದಿಂದ ಕೆರೆಗೆ ಸೇರುವ ಬಾಯಿಯಲ್ಲಿ ಎರೆಹುಳು ಹಾಕಿ ನೋಡಿ. ಸಂಜೆ ಪಡುವಣದಲ್ಲಿ ಗುಡುಗು ಕೇಳಿಸಿತೋ, ಕಾರ್ಬನ್ ಕೋಲನ್ನು ಕೂಡಲೇ ಮಲಗಿಸಿ ಏರಿಯಿಂದ ಕೆಳಗಿಳಿದುಬಿಡಿ. ಆ ಕೋಲಿನಲ್ಲಿ ವಿದ್ಯುತ್ ಸರಾಗವಾಗಿ ಹರಿಯುತ್ತದೆ, ಬಯಲಿನ ಏರಿಯ ಮೇಲೆ ನಿಮ್ಮಷ್ಟು ಎತ್ತರದ್ದು ಬೇರೇನೂ ಇರುವುದಿಲ್ಲ.