ವಿವಾದಿತ ನಾಯಕರ ಬಯೋಪಿಕ್: ಮನೆಯವರ ಎನ್‌ಒಸಿ ಇಲ್ಲದೆ ಶೂಟಿಂಗ್‌ಗೆ ಇಳಿಯಬಹುದಾ?

ಚಿತ್ರಕಥೆ_ಮೇಜು: ತೀರಿಹೋದ ಮುಖ್ಯಮಂತ್ರಿಯೊಬ್ಬರ ಬಗ್ಗೆ ಸ್ಕ್ರಿಪ್ಟ್ ಮುಗೀತಾ ಬಂದಿದೆ. ಕುಟುಂಬದವರು ಒಪ್ಪಿಗೆ ಕೊಡ್ತಿಲ್ಲ. ಇಂದಿರಾ ಗಾಂಧಿ ಕುರಿತ ‘ಎಮರ್ಜೆನ್ಸಿ’ ಸಿನಿಮಾ ಥರ ಬಿಡುಗಡೆ ಹೊತ್ತಲ್ಲಿ ಸಿಕ್ಕಿಕೊಳ್ಳದಿರೋಕೆ ಈಗಲೇ ಏನು ಮಾಡಬೇಕು?

ಕರಿಕೋಟು: ಒಪ್ಪಿಗೆ ಕಡ್ಡಾಯ ಅಲ್ಲ. ಸಾರ್ವಜನಿಕ ದಾಖಲೆಯಲ್ಲಿ ಇರುವುದನ್ನು ಹೇಳೋಕೆ ಯಾರ ಅನುಮತಿಯೂ ಬೇಡ ಅಂತ 1994ರ ರಾಜಗೋಪಾಲ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಜಯಲಲಿತಾ ಕುರಿತ ‘ತಲೈವಿ’ ತಡೆಯಲು ಅವರ ಅಣ್ಣನ ಮಗಳು ಹೋದಾಗ ಮದ್ರಾಸ್ ಹೈಕೋರ್ಟ್ 2021ರಲ್ಲಿ ಮೇಲ್ಮನವಿ ವಜಾ ಮಾಡಿತು. ಖಾಸಗಿತನ, ಹೆಸರು ಇವೆಲ್ಲ ವ್ಯಕ್ತಿಯ ಜೊತೆಗೇ ಮುಗಿಯುತ್ತವೆ, ಆಸ್ತಿಯ ಹಾಗೆ ವಾರಸುದಾರರಿಗೆ ಬರಲ್ಲ ಅನ್ನೋದು ಅಲ್ಲಿನ ನಿಲುವು.

ಪಾಟೀಸವಾಲು: ಅಷ್ಟಕ್ಕೇ ನಿರಾಳ ಆಗಬೇಡಿ. ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 356ನೇ ಸೆಕ್ಷನ್‌ನ ವಿವರಣೆ ನೋಡಿ: ಸತ್ತವರ ಮೇಲೆ ಹೊರಿಸಿದ ಆರೋಪವೂ, ಮನೆಯವರ ಮನಸ್ಸು ನೋಯಿಸುವ ಉದ್ದೇಶದ್ದಾದರೆ, ಮಾನಹಾನಿಯೇ. ಇನ್ನು ಕಥೆಯಲ್ಲಿ ಬರುವ ಆಪ್ತ ಕಾರ್ಯದರ್ಶಿ, ಎದುರಾಳಿ, ಅಳಿಯ ಇವರೆಲ್ಲ ಬದುಕಿದ್ದಾರಲ್ಲ? ನೋಟಿಸು ಬರೋದು ಹೆಚ್ಚಾಗಿ ಅಲ್ಲಿಂದ. ಹೆಸರು ಬದಲಿಸಿದರೆ ಸಾಲದು. ಹುದ್ದೆ, ಊರು, ವೇಷ ಅದೇ ಇದ್ದರೆ ಯಾರೆಂದು ಎಲ್ಲರಿಗೂ ತಿಳಿಯುತ್ತೆ.

ರೀಲುಡಬ್ಬಿ: ಸೆನ್ಸಾರ್ ವಿಷಯ ನಾನು ಹೇಳ್ತೀನಿ. ‘ಎಮರ್ಜೆನ್ಸಿ’ 2024ರ ಸೆಪ್ಟೆಂಬರ್ 6ಕ್ಕೆ ಬರಬೇಕಿತ್ತು, ಬಂದದ್ದು 2025ರ ಜನವರಿ 17ಕ್ಕೆ. ಸಿಖ್ ಸಂಘಟನೆಗಳ ಆಕ್ಷೇಪ ಸುದ್ದಿಯಾಯಿತು, ಆದರೆ ಸೆನ್ಸಾರ್ ಮಂಡಳಿ ಕೇಳಿದ್ದು ಕಟ್ ಮಾತ್ರ ಅಲ್ಲ: ನಿಕ್ಸನ್, ಚರ್ಚಿಲ್ ಆಡಿದರೆನ್ನುವ ಮಾತುಗಳಿಗೆ ಆಧಾರ ಕೊಡಿ ಅಂತಲೂ ಕೇಳಿತು. ಆದ್ದರಿಂದ ಸ್ಕ್ರಿಪ್ಟ್ ಹಂತದಲ್ಲೇ ಪ್ರತಿ ದೃಶ್ಯದ ಪಕ್ಕ ಒಂದು ಕಾಲಂ ಎಳೆಯಿರಿ. ವಿಧಾನಸಭೆ ನಡಾವಳಿಯ ದಿನಾಂಕ, ತನಿಖಾ ಆಯೋಗದ ವರದಿಯ ಪುಟ, ಪತ್ರಿಕೆಯ ಸಂಚಿಕೆ, ಯಾವುದು ಸಿಕ್ಕರೆ ಅದು. ಕಲ್ಪಿತ ದೃಶ್ಯಕ್ಕೆ ‘ಕಲ್ಪಿತ’ ಅಂತಲೇ ಬರೆದಿಡಿ. ಡಿಸ್‌ಕ್ಲೇಮರ್ ಬರೆಯುವಾಗ ಬೇಕಾಗುತ್ತೆ.

ಸೆನ್ಸಾರ್ ಮಂಡಳಿಯ ಪರಿಶೀಲನಾ ಸಮಿತಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮರುಪರಿಶೀಲನಾ ಸಮಿತಿ. ಅದಾದಮೇಲೆ ನೇರ ಹೈಕೋರ್ಟ್, ಯಾಕಂದ್ರೆ ಮೇಲ್ಮನವಿ ನ್ಯಾಯಮಂಡಳಿಯನ್ನು 2021ರಲ್ಲೇ ರದ್ದು ಮಾಡಿದರು. ಥಿಯೇಟರ್ ಬುಕ್ ಮಾಡಿ ಆಮೇಲೆ ಅರ್ಜಿ ಹಾಕೋದು ಶುದ್ಧ ಹುಚ್ಚುತನ.

ಚಿತ್ರಕಥೆ_ಮೇಜು: ಚುನಾವಣೆ ಸಮಯಕ್ಕೆ ಬಿಟ್ಟರೆ ಪ್ರಚಾರ ತಾನಾಗೇ ಸಿಗುತ್ತೆ ಅಂತಾರೆ ನಿರ್ಮಾಪಕರು.

ರೀಲುಡಬ್ಬಿ: ‘ಪಿಎಂ ನರೇಂದ್ರ ಮೋದಿ’ ನೆನಪಿಸಿ. 2019ರ ಏಪ್ರಿಲ್ 10ರಂದು ಚುನಾವಣಾ ಆಯೋಗ ತಡೆದು, ಸಿನಿಮಾ ತೆರೆಗೆ ಬಂದದ್ದು ಮೇ 24ಕ್ಕೆ, ಮತ ಎಣಿಕೆಯ ಮರುದಿನ.

ಕರಿಕೋಟು: ಇನ್ನೊಂದು, ಹಳೆ ಪತ್ರಿಕಾ ಫೋಟೋಗಳನ್ನು ಟೈಟಲ್ ಕಾರ್ಡ್‌ನಲ್ಲಿ ಸುಮ್ಮನೆ ಹಾಕಬೇಡಿ. 2012ರ ತಿದ್ದುಪಡಿಯಾದ ಮೇಲೆ ಫೋಟೋದ ಹಕ್ಕುಸ್ವಾಮ್ಯ, ತೆಗೆದವರು ತೀರಿಹೋದ ಮುಂದಿನ ವರ್ಷದಿಂದ 60 ವರ್ಷ. 1975ರಲ್ಲಿ ಅಚ್ಚಾದ ಚಿತ್ರಕ್ಕೂ ಅನುಮತಿ ಪತ್ರ ಬೇಕು.