ಅಂಗೈ ಸದಾ ಒದ್ದೆ, ಎಲ್ಲರೂ ಟೆನ್ಷನ್ ಅಂತಾರೆ. ನಿಜಾನಾ?

ಕೌಂಟರ್_ಮೂರು ಕೇಳಿದ್ದು:

ವಯಸ್ಸು 27, ಊರು ದಾವಣಗೆರೆ ಕಡೆ, ಒಂದು ಸಹಕಾರಿ ಬ್ಯಾಂಕಿನಲ್ಲಿ ಕ್ಯಾಷ್ ಕೌಂಟರ್ ಕೆಲಸ. ಹೈಸ್ಕೂಲಿನ ಕಾಲದಿಂದ ನನಗೆ ಅಂಗೈ, ಅಂಗಾಲು ಬೆವರುತ್ತವೆ. ಬೆವರು ಅಂದ್ರೆ ಸುಮ್ನೆ ತೇವ ಅಲ್ಲ. ಕೈ ಇಳಿಬಿಟ್ಟರೆ ಬೆರಳ ತುದಿಯಲ್ಲಿ ಹನಿ ಕಟ್ಟುತ್ತದೆ. ಬೇಸಿಗೆ ಅಂತೇನಿಲ್ಲ, ಡಿಸೆಂಬರ್ ಚಳಿಯಲ್ಲೂ ಇದೇ ಕಥೆ. ಆಗ ಕೈ ತಣ್ಣಗೆ ಕೊರೆಯುತ್ತಿರುತ್ತದೆ, ಆದರೂ ಒದ್ದೆ.

ನೋಟು ಎಣಿಸಲು ಎಲ್ಲರ ಟೇಬಲ್ ಮೇಲೂ ನೀರು ಹಾಕಿದ ಸ್ಪಂಜಿನ ಡಬ್ಬಿ ಇರುತ್ತದಲ್ಲ, ನನ್ನದು ಕೆಲಸಕ್ಕೆ ಸೇರಿದಾಗಿನಿಂದ ಒಣಗಿಕೊಂಡೇ ಇದೆ. ಜೊತೆಗಿರುವವರಿಗೆ ಅದೊಂದು ತಮಾಷೆ. ನಾನೂ ನಗುತ್ತೇನೆ. ಆದರೆ ಚೀಟಿ ಮೇಲಿನ ಇಂಕು ನನ್ನ ಬೆರಳಿಗೆ ಹರಡಿದಾಗ, ಗ್ರಾಹಕರು ಪಾಸ್‌ಬುಕ್ಕಿನ ಅಂಚು ಹಿಡಿದು ನನ್ನ ಕೈ ತಾಗದ ಹಾಗೆ ಎಳೆದುಕೊಂಡಾಗ ನಗು ಬರುವುದಿಲ್ಲ. ಹಾಜರಿ ಮಷಿನ್ ಬೆರಳನ್ನು ಒಂದೇ ಸಲಕ್ಕೆ ಒಪ್ಪುವುದೇ ಇಲ್ಲ. ಪ್ಯಾಂಟಿಗೆ ಒರೆಸು, ಒತ್ತು, ಮತ್ತೆ ಒರೆಸು. ಹಿಂದೆ ನಿಂತವರು ಲೊಚಗುಟ್ಟಿದಷ್ಟೂ ಬೆವರು ಜಾಸ್ತಿ.

ಈಗ ಮನೆಯಲ್ಲಿ ಹೆಣ್ಣು ನೋಡುತ್ತಿದ್ದಾರೆ. ಧಾರೆ ಹೊತ್ತಲ್ಲಿ ಹುಡುಗಿ ಕೈ ಹಿಡಿಯಬೇಕಲ್ಲ ಅಂತ ನೆನೆಸಿಕೊಂಡರೆ ಸಾಕು, ಶುರು.

ನಮ್ಮೂರ ಡಾಕ್ಟರಿಗೆ ತೋರಿಸಿದೆ. "ಟೆನ್ಷನ್ ಮಾಡ್ಕೋಬೇಡಪ್ಪಾ, ಪ್ರಾಣಾಯಾಮ ಮಾಡು" ಅಂದು ವಿಟಮಿನ್ ಮಾತ್ರೆ ಬರೆದುಕೊಟ್ಟರು. ಟೆನ್ಷನ್ ಇರುವುದು ನಿಜವೇ. ಆದರೆ ಮನೆಯಲ್ಲಿ ಒಬ್ಬನೇ ಕೂತು ಕ್ರಿಕೆಟ್ ನೋಡುವಾಗಲೂ, ಅದೂ ನಾವು ಆರಾಮಾಗಿ ಗೆಲ್ಲುತ್ತಿರುವ ಮ್ಯಾಚಿನಲ್ಲೂ, ಕೈ ಬೆವರುತ್ತದಲ್ಲ? ಆತಂಕದಿಂದ ಬೆವರಾ, ಬೆವರಿನಿಂದ ಆತಂಕಾನಾ? ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗಲಾ, ಮನಸ್ಸಿನ ಡಾಕ್ಟರ್ ಹತ್ತಿರ ಹೋಗಲಾ?

ಬಯಲುಸೀಮೆ_ಅಕ್ಕ:

ತಮ್ಮಾ, ನಿನ್ನ ಪೋಸ್ಟ್ ಓದಿ ನನ್ನದೇ ಕಥೆ ಅನ್ನಿಸಿತು. ನಾನು ಟೀಚರ್. ಬೋರ್ಡ್ ಮೇಲೆ ಬರೆಯುವಾಗ ಚಾಕ್‌ಪೀಸು ಬೆರಳಲ್ಲೇ ಕರಗಿ ಹಿಟ್ಟಾಗುತ್ತದೆ. ನಮ್ಮಪ್ಪನಿಗೂ ಇತ್ತು. ಇದಕ್ಕೆ ಹೈಪರ್‌ಹೈಡ್ರೋಸಿಸ್ ಅಂತ ಹೆಸರಿದೆ. ಬೇರೆ ಯಾವ ಕಾಯಿಲೆಯೂ ಇಲ್ಲದೆ ಅಂಗೈ, ಅಂಗಾಲು, ಕಂಕುಳು, ಮುಖ, ಹೀಗೆ ಕೆಲವೇ ಜಾಗದಲ್ಲಿ ಬೆವರುವುದು ಇದರ ಮಾಮೂಲಿ ರೀತಿ.

ಡಾಕ್ಟರುಗಳು ಇದನ್ನು ಹೇಗೆ ಗುರುತಿಸುತ್ತಾರೆ ಅಂದ್ರೆ, ಕಾರಣವಿಲ್ಲದೆ 6 ತಿಂಗಳಿಗಿಂತ ಹೆಚ್ಚು ಕಾಲ ಬೆವರುತ್ತಿರಬೇಕು, ಜೊತೆಗೆ ಕೆಲವು ಗುರುತುಗಳಲ್ಲಿ ಎರಡಾದರೂ ಹೊಂದಬೇಕು. ಎಡ ಬಲ ಎರಡೂ ಕಡೆ ಒಂದೇ ಸಮ ಬೆವರುತ್ತದಾ, 25 ವರ್ಷದೊಳಗೆ ಶುರುವಾಯಿತಾ, ಮನೆಯಲ್ಲಿ ಇನ್ಯಾರಿಗಾದರೂ ಇದೆಯಾ, ವಾರಕ್ಕೊಮ್ಮೆಯಾದರೂ ಬರುತ್ತದಾ, ಕೆಲಸಕ್ಕೆ ಅಡ್ಡಿಯಾಗುತ್ತದಾ, ನಿದ್ದೆಯಲ್ಲಿ ನಿಲ್ಲುತ್ತದಾ. ಕೊನೆಯದನ್ನು ಖಂಡಿತ ಗಮನಿಸು. ನೀನು ಮಲಗಿದ ಮೇಲೆ ಕೈ ಮುಟ್ಟಿ ನೋಡು ಅಂತ ಅಮ್ಮನಿಗೆ ಹೇಳು.

ಈಗ ಟೆನ್ಷನ್ ವಿಷಯ. ಬೆನ್ನು, ಎದೆ ಬೆವರುವುದು ಹೆಚ್ಚಾಗಿ ಮೈ ತಣ್ಣಗಾಗಲಿ ಅಂತ. ಅಂಗೈ ಅಂಗಾಲು ಹಾಗಲ್ಲ, ಅವು ಸೆಕೆಗಿಂತ ಮನಸ್ಸಿನ ಗಾಬರಿಗೆ ಬೇಗ ಸ್ಪಂದಿಸುತ್ತವೆ. ಎಲ್ಲರಿಗೂ ಅಷ್ಟೇ, ಇಂಟರ್‌ವ್ಯೂಗೆ ಹೋದವನ ಕೈ ಮುಟ್ಟಿ ನೋಡು. ನಮ್ಮಲ್ಲಿ ಆ ನರಗಳ ಕಟ್ಟಳೆ ಸ್ವಲ್ಪ ಸಡಿಲ. ಗ್ರಂಥಿಗಳು ಸರಿಯಾಗೇ ಇರುತ್ತವೆ, ಅವಕ್ಕೆ ಬರುವ ಸೂಚನೆಯೇ ಜಾಸ್ತಿ. ಹಾಗಾಗಿ ಗಾಬರಿ ಇಲ್ಲದೆಯೂ ಬೆವರುತ್ತದೆ, ಗಾಬರಿ ಆದರೆ ಇನ್ನೂ ಸುರಿಯುತ್ತದೆ. ಆಮೇಲೆ ಬೆವರು ಬಂದುಬಿಡುತ್ತೇನೋ ಅನ್ನುವ ಹೆದರಿಕೆಯಿಂದಲೇ ಬೆವರು ಬರುತ್ತದೆ. ನಿನ್ನ ಹಾಜರಿ ಮಷಿನ್ ಮುಂದೆ ಆಗುವುದು ಅದೇ. ಪ್ರಾಣಾಯಾಮ ಒಳ್ಳೆಯದೇ, ನಾನೂ ಮಾಡುತ್ತೇನೆ, ಆದರೆ ಅದರಿಂದ ನನ್ನ ಚಾಕ್‌ಪೀಸು ಒಣಗಲಿಲ್ಲ.

ಮೊದಲು ಚರ್ಮದ ಡಾಕ್ಟರ್ ಹತ್ತಿರ ಹೋಗು. ಸಾಮಾನ್ಯವಾಗಿ ಅಲ್ಯೂಮಿನಿಯಂ ಕ್ಲೋರೈಡ್ ದ್ರಾವಣದಿಂದ ಶುರು ಮಾಡುತ್ತಾರೆ. ರಾತ್ರಿ ಮಲಗುವಾಗ ಹಚ್ಚಿ ಬೆಳಿಗ್ಗೆ ತೊಳೆಯುವುದು. ಕೈ ಪೂರ್ತಿ ಒಣಗಿರಬೇಕು, ಇದು ಮುಖ್ಯ. ತೇವದ ಮೇಲೆ ಹಚ್ಚಿದರೆ ಆಸಿಡ್ ಆಗಿ ಉರಿಯುತ್ತದೆ. ನಾನು ಫ್ಯಾನ್ ಕೆಳಗೆ ಕೈ ಚಾಚಿ ಕೂತು, ಆಮೇಲೆ ಹಚ್ಚುತ್ತೇನೆ. ಕಂಕುಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗೈ ಚರ್ಮ ದಪ್ಪ, ಅಷ್ಟು ಗುಣ ಸಿಗಲಿಕ್ಕಿಲ್ಲ. ತಾಳ್ಮೆ ಬೇಕು.

ಮಜ್ಜಿಗೆಹುಳಿ:

ದೇಹದ ಉಷ್ಣ ಕಣ್ರೀ. ದಿನಾ ಮಜ್ಜಿಗೆ ಕುಡಿಯಿರಿ, ಬೆಳ್ಳುಳ್ಳಿ ಖಾರ ಬಿಡಿ. ಪಟಿಕದ ನೀರಲ್ಲಿ ಕೈ ನೆನೆಸಿ. ನಮ್ಮಜ್ಜಿ ಕಾಲದ ಮದ್ದು. ಇದಕ್ಕೆಲ್ಲ ಡಾಕ್ಟರ್ ಯಾಕೆ?

ಲ್ಯಾಬ್_ಮಂಜಣ್ಣ:

ಮಜ್ಜಿಗೆಹುಳಿ ಅವರೇ, ಪಟಿಕದ ಮಾತು ಪೂರ್ತಿ ತಳ್ಳಿಹಾಕುವಂಥದ್ದಲ್ಲ, ಅದರಲ್ಲೂ ಅಲ್ಯೂಮಿನಿಯಂ ಇದೆ, ಒಗರು ಗುಣದಿಂದ ಸ್ವಲ್ಪ ಹೊತ್ತು ಬಿಗಿ ಹಿಡಿಯುತ್ತದೆ. ಖಾರ ತಿಂದರೆ ಮುಖ ಬೆವರುವುದೂ ನಿಜ. ಆದರೆ ಎಲ್ಲವನ್ನೂ ಉಷ್ಣ ಅಂತ ಬಿಟ್ಟುಬಿಟ್ಟರೆ ಕೆಲವು ಸಲ ಅಪಾಯ. ಟೆನ್ಷನ್ ಅಂತ ಬಿಡುವುದೂ ಅಷ್ಟೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಚಿಕ್ಕಮ್ಮನಿಗೆ ನಲವತ್ತು ಹತ್ತಿರ ಬಂದಾಗ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬೆವರಲು ಶುರುವಾಯಿತು. ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲ, ಸಣ್ಣ ಮಾತಿಗೂ ಸಿಡುಕು. ಮಗಳ ಮದುವೆ ಬೇರೆ ಹತ್ತಿರವಿತ್ತು, ಎಲ್ಲರೂ ಚಿಂತೆ ಅಂದರು. ಒಂದು ಕಡೆ ನಿದ್ದೆ ಮಾತ್ರೆ ಕೊಟ್ಟು ಕಳಿಸಿದರು. ಊಟ ಚೆನ್ನಾಗಿ ಮಾಡುತ್ತಿದ್ದರೂ ಬ್ಲೌಸುಗಳು ದೊಗಳೆಯಾಗುತ್ತಾ ಬಂದದ್ದನ್ನು ಗಮನಿಸಿದ್ದು ಅವರ ಟೈಲರ್! ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿತ್ತು. ಥೈರಾಯ್ಡ್ ಹೆಚ್ಚಾದರೆ ಲಕ್ಷಣಗಳು ಆತಂಕದ ಹಾಗೇ ಕಾಣುತ್ತವೆ. ಹೊರಗಿನಿಂದ ನೋಡಿ ಹೇಳುವುದು ಕಷ್ಟ, ಟಿಎಸ್‌ಎಚ್ ಅನ್ನುವ ಥೈರಾಯ್ಡ್ ರಕ್ತ ಪರೀಕ್ಷೆ ಮಾಡಿಸಿದರೆ ಗೊತ್ತಾಗುತ್ತದೆ.

ಕೌಂಟರ್ ಬ್ರದರ್, ನಿಮ್ಮದು ಹುಡುಗನಾಗಿದ್ದಾಗಿನಿಂದ ಇದೆ, ಕೈಕಾಲಿಗೆ ಮಾತ್ರ ಇದೆ. ನಿಮ್ಮದು ಅಕ್ಕ ಹೇಳಿದ ಜಾತಿಯದೇ ಇರಬೇಕು ಅಂತ ನನ್ನ ಅಂದಾಜು. ಆದರೂ ಟಿಎಸ್‌ಎಚ್, ಶುಗರ್ ಒಮ್ಮೆ ನೋಡಿಸಿಬಿಡಿ. ಶುಗರ್‌ಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರಿಗೆ ತಟ್ಟನೆ ತಣ್ಣನೆ ಬೆವರು, ನಡುಕ, ಹಸಿವು ಬಂದರೆ ಅದು ಶುಗರ್ ಇಳಿದಿರುವ ಗುರುತು, ಕೂಡಲೇ ಸಕ್ಕರೆ ಬಾಯಿಗೆ ಹಾಕಬೇಕು. ರಾತ್ರಿ ಬಟ್ಟೆ ಹಾಸಿಗೆ ನೆನೆಯುವಷ್ಟು ಬೆವರು, ಜೊತೆಗೆ ಸಂಜೆ ಜ್ವರ, ಕೆಮ್ಮು, ತೂಕ ಇಳಿಕೆ ಇದ್ದರೆ ಟಿಬಿ ಪರೀಕ್ಷೆ ತಡ ಮಾಡಬಾರದು. ಎದೆ ಬಿಗಿತದ ಜೊತೆ ಬೆವರು ಬಂದರೆ ಇಲ್ಲಿ ಪೋಸ್ಟ್ ಹಾಕುತ್ತಾ ಕೂರಬೇಡಿ, ನೇರ ಆಸ್ಪತ್ರೆಗೆ.

ಮೌನಿ_ಮೈಸೂರು:

ಎಲ್ಲರೂ ನರ, ಥೈರಾಯ್ಡ್ ಅಂತ ಹೇಳುತ್ತಿದ್ದೀರಿ. ನನ್ನದು ನಿಜವಾಗಿಯೂ ಆತಂಕವೇ ಆಗಿತ್ತು. ಮೀಟಿಂಗ್, ಮದುವೆ ಮನೆ, ಹೊಸಬರು, ಇಲ್ಲಿ ಮಾತ್ರ ಬೆವರು. ಹಣೆಯಿಂದ ಇಳಿದು ಕನ್ನಡಕ ಮಸುಕಾಗುತ್ತಿತ್ತು. ಮನೆಯಲ್ಲಿ ಇದ್ದರೆ ಏನೂ ಇಲ್ಲ. ಹಾಗಾಗಿ ನಾನು ಎಲ್ಲಿಗೂ ಹೋಗುವುದನ್ನೇ ಬಿಟ್ಟೆ, ಕೊನೆಗೆ ಅಕ್ಕನ ಮಗುವಿನ ನಾಮಕರಣಕ್ಕೂ ಹೋಗಲಿಲ್ಲ. ಅಷ್ಟಾದ ಮೇಲೆ ಮನೋವೈದ್ಯರ ಹತ್ತಿರ ಹೋದದ್ದು.

ಮಾತಿನ ಚಿಕಿತ್ಸೆಯಲ್ಲಿ ಅವರು ಬೆವರು ನಿಲ್ಲಿಸಲು ಹೇಳಿಕೊಡಲಿಲ್ಲ. ಬೆವರಿದರೆ ಏನಾಗುತ್ತದೆ ಅಂತ ನೋಡಲು ಕಳಿಸಿದರು. ಹಣೆ ಒರೆಸದೆ ಅಂಗಡಿಗೆ ಹೋಗಿ ಸಾಮಾನು ಕೇಳುವುದು, ಹೀಗೆ. ಮೊದಮೊದಲು ಹಿಂಸೆ. ಅಂಗಡಿಯವನು ನನ್ನ ಹಣೆಯನ್ನು ನೋಡಲೇ ಇಲ್ಲ, ಅವನಿಗೆ ಚಿಲ್ಲರೆಯದೇ ಚಿಂತೆ. ನಿಧಾನಕ್ಕೆ ಹೆದರಿಕೆ ಇಳಿಯಿತು, ಬೆವರೂ ಇಳಿಯಿತು, ಪೂರ್ತಿ ಅಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಜಾತಿಯ ಮಾತ್ರೆಗಳಿಂದಲೇ ಕೆಲವರಿಗೆ ಬೆವರು ಹೆಚ್ಚಾಗುತ್ತದೆ. ನನಗೆ ಆಯಿತು. ಡಾಕ್ಟರಿಗೆ ಹೇಳಿದೆ, ಡೋಸ್ ಬದಲಾಯಿಸಿದರು. ತಾವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಅದರ ತೊಂದರೆ ಬೇರೆ. ಸ್ಟೇಜ್ ಹೆದರಿಕೆಗೆ ಗೆಳೆಯರು ಪ್ರೊಪ್ರನೊಲಾಲ್ ಅಂತ ಒಂದು ಮಾತ್ರೆ ಹೇಳುತ್ತಾರೆ. ನನಗೆ ಅದರಿಂದ ನಡುಕ, ಎದೆ ಬಡಿತ ಕಡಿಮೆ ಆಯಿತು, ಬೆವರು ಅಷ್ಟೇನೂ ಇಲ್ಲ. ಅಸ್ತಮಾ ಇರುವವರು ಅದನ್ನು ಮುಟ್ಟಬಾರದು, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಮಾತ್ರೆ ಅಲ್ಲ.

ಯಾರ ಹತ್ತಿರ ಹೋಗಬೇಕು ಅಂತಲೇ ಗೊತ್ತಾಗದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ 14416ಕ್ಕೆ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಶರ್ಟ್_ಬದಲಿಸಿದವ:

ಆಪರೇಷನ್ ಬಗ್ಗೆ ಯಾರಾದರೂ ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಎದೆಯ ಪಕ್ಕದಲ್ಲಿ ಸಣ್ಣ ತೂತು ಮಾಡಿ, ಕ್ಯಾಮೆರಾ ಹಾಕಿ, ಕೈಗೆ ಬೆವರಿನ ಸೂಚನೆ ಒಯ್ಯುವ ಸಿಂಪಥೆಟಿಕ್ ನರವನ್ನು ಕತ್ತರಿಸುವುದು ಅಥವಾ ಕ್ಲಿಪ್ ಹಾಕುವುದು. ನನಗೆ ಮಾಡಿದರು. ಎಚ್ಚರವಾದಾಗ ಕೈ ಒಣಗಿತ್ತು, ಇವತ್ತಿಗೂ ಒಣಗೇ ಇದೆ. ಆದರೆ ಆ ಬೆವರು ಬೆನ್ನಿಗೆ, ಹೊಟ್ಟೆಗೆ, ತೊಡೆಗೆ ಇಳಿಯಿತು. ಇದು ಅಪರೂಪ ಏನಲ್ಲ, ಈ ಆಪರೇಷನ್ನಿನ ದೊಡ್ಡ ತೊಂದರೆಯೇ ಇದು. ಕೆಲವರಿಗೆ ಸ್ವಲ್ಪ, ಕೆಲವರಿಗೆ ತಡೆಯಲಾಗದಷ್ಟು. ಆಫೀಸ್ ಬ್ಯಾಗಿನಲ್ಲಿ ಸದಾ ಇನ್ನೊಂದು ಶರ್ಟ್ ಇಟ್ಟಿರುತ್ತೇನೆ. ಕತ್ತರಿಸಿದ ನರವನ್ನು ಮೊದಲಿನ ಹಾಗೆ ಮಾಡಲು ಆಗುವುದಿಲ್ಲ. ಮದುವೆ ಹತ್ತಿರ ಬಂತು ಅಂತ ಅವಸರದಲ್ಲಿ ಇದಕ್ಕೆ ಕೈ ಹಾಕಬೇಡಿ.

ಅದಕ್ಕಿಂತ ಮೊದಲು ಐಯಾಂಟೊಫೊರೆಸಿಸ್ ಇದೆ. ಎರಡು ಟ್ರೇಯಲ್ಲಿ ನಲ್ಲಿ ನೀರು, ಒಂದೊಂದರಲ್ಲಿ ಒಂದೊಂದು ಅಂಗೈ, ಸಣ್ಣ ಕರೆಂಟು ಹಾಯಿಸುತ್ತಾರೆ. ಜುಮ್ ಅನ್ನುತ್ತದೆ, ಅಷ್ಟೇ. ಒಂದು ಸಲಕ್ಕೆ 20 ರಿಂದ 30 ನಿಮಿಷ, ಶುರುವಿನಲ್ಲಿ ವಾರಕ್ಕೆ ಮೂರು ಸಲ, ಒಣಗಿದ ಮೇಲೆ ವಾರಕ್ಕೊಮ್ಮೆ ಹಾಗೆ. ಬಿಟ್ಟರೆ ಮತ್ತೆ ಬೆವರು ಬರುತ್ತದೆ. ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ ಮಾಡುವುದಿಲ್ಲ. ಬೊಟಾಕ್ಸ್ ಕೂಡ ಕೆಲಸ ಮಾಡುತ್ತದೆ, ಆದರೆ ಅಂಗೈ ತುಂಬ ಸೂಜಿ ಚುಚ್ಚಬೇಕು, ದುಬಾರಿ, ಕೆಲವು ತಿಂಗಳಾದ ಮೇಲೆ ಮತ್ತೆ ಹಾಕಿಸಬೇಕು. ಬೆರಳ ಹಿಡಿತ ಸ್ವಲ್ಪ ದಿನ ಸಡಿಲವಾಗಬಹುದು, ನೋಟು ಎಣಿಸುವವರು ಅದನ್ನೂ ಯೋಚಿಸಬೇಕು.

ಕೌಂಟರ್_ಮೂರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅಮ್ಮ ರಾತ್ರಿ ಮುಟ್ಟಿ ನೋಡಿದರಂತೆ, ಕೈ ಒಣಗಿತ್ತು ಅಂದರು. ಸೋದರಮಾವನಿಗೂ ಇದೆಯಂತೆ, ಇಷ್ಟು ವರ್ಷ ಒಬ್ಬರೂ ಬಾಯಿ ಬಿಟ್ಟಿರಲಿಲ್ಲ! ಚರ್ಮದ ಡಾಕ್ಟರ್ ಹತ್ತಿರ ಸೋಮವಾರ ಹೋಗುತ್ತಿದ್ದೇನೆ. ಒಂದು ಡೌಟು. ಬೆವರು ಕಡಿಮೆ ಮಾಡುವ ಮಾತ್ರೆ ಇದೆ ಅಂತ ಎಲ್ಲೋ ಓದಿದೆ. ಅದನ್ನೇ ಕೇಳಿದರೆ ಸುಲಭ ಅಲ್ವಾ?

ಬಯಲುಸೀಮೆ_ಅಕ್ಕ:

ಗ್ಲೈಕೊಪೈರೋಲೇಟ್ ಇರಬೇಕು. ಕೇಳು, ಆದರೆ ಅದು ಅಂಗೈಗೆ ಮಾತ್ರ ಅಂತಿಲ್ಲ, ಇಡೀ ಮೈಯ ಬೆವರನ್ನೇ ಕಡಿಮೆ ಮಾಡುತ್ತದೆ. ಬಾಯಿ ಒಣಗುತ್ತದೆ, ಮಲಬದ್ಧತೆ, ಕಣ್ಣು ಮಂಜು ಆಗಬಹುದು. ನಿಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಬೆವರೇ ಬರದೆ ಬಿಸಿಲಲ್ಲಿ ಸಾಲ ವಸೂಲಿಗೆ ಬೈಕಲ್ಲಿ ತಿರುಗಿದರೆ ಮೈ ಕಾದು ಬೀಳುತ್ತೀಯ. ಫೀಲ್ಡ್ ಕೆಲಸ ಇದ್ದರೆ ಡಾಕ್ಟರಿಗೆ ಮೊದಲೇ ಹೇಳು. ಮತ್ತೆ ಸೋಮವಾರ ಒಳಗೆ ಹೋಗುವ ಮೊದಲು ಕೈ ಒರೆಸಿಕೊಳ್ಳಬೇಡ, ಹಾಗೇ ತೋರಿಸು.